ಏಳು ಎಳೆಯ ಹರಕೆ

ಮುತ್ತಗಂಚಿ ಪುರಸಭೆಯ ಇತಿಹಾಸದಲ್ಲಿ ಸರ್ವಾನುಮತದಿಂದ ಅಂಗೀಕಾರವಾದ ಏಕಮಾತ್ರ ನಿರ್ಣಯ ಸೀಮೆಸುಣ್ಣದ ಬಣ್ಣಕ್ಕೆ ಸಂಬಂಧಿಸಿದ್ದು. ಇಪ್ಪತ್ತಮೂರು ಸದಸ್ಯರು ಮತ್ತು ಒಬ್ಬ ಮುಖ್ಯಾಧಿಕಾರಿ ಎರಡೂವರೆ ತಾಸು ಚರ್ಚಿಸಿದರು. ಬಸ್ ನಿಲ್ದಾಣದ ಕರಿಹಲಗೆಯ ಮೇಲೆ ದಿನದ ಬಿಸಿಲಿನ ಅಂಕಿಯನ್ನು ಇನ್ನುಮುಂದೆ ಕೆಂಪಿನಲ್ಲಿ ಬರೆಯತಕ್ಕದ್ದಲ್ಲ, ಕೆಂಪು ಕಂಡರೆ ಜನಕ್ಕೆ ಇದ್ದದ್ದಕ್ಕಿಂತ ಎರಡು ಡಿಗ್ರಿ ಹೆಚ್ಚು ತಾಗುತ್ತದೆ, ಆದಕಾರಣ ನೀಲಿಯಲ್ಲೇ ಬರೆಯತಕ್ಕದ್ದು ಎಂದು ತೀರ್ಮಾನವಾಯಿತು. ವಿರೋಧ ಪಕ್ಷದವರು ಹಸಿರನ್ನು ಸೂಚಿಸಿ, ಊರಿನ ಹಿತದೃಷ್ಟಿಯಿಂದ ಹಿಂದೆಗೆದುಕೊಂಡರು. ಯುಗಾದಿಯ ಮರುದಿನ ನಿರ್ಣಯ ಜಾರಿಗೆ ಬಂತು. ವಿಚಿತ್ರವೆಂದರೆ, ಅಂದಿನಿಂದ ಅಂಕಿ ನಿಜಕ್ಕೂ ಇಳಿಯತೊಡಗಿತು. ಸದಸ್ಯರು ಒಬ್ಬರನ್ನೊಬ್ಬರು ಅಭಿನಂದಿಸಿದರು.

ಹಲಗೆಯ ಮೇಲೆ ಬರೆಯುವವಳು ಪುರಸಭೆಯ ಹವಾ ಗುಮಾಸ್ತೆ ಮಹಾನಂದಾ. ಬೆಳಿಗ್ಗೆ ಆರಕ್ಕೆ ಜಿಲ್ಲಾ ಹವಾ ಕೇಂದ್ರದಿಂದ ಅವಳ ಫೋನಿಗೆ ಆ ದಿನದ ಮುನ್ಸೂಚನೆ ಬರುತ್ತಿತ್ತು. ಅಂಕಿ ನಲವತ್ತೈದು ಮುಟ್ಟಿದರೆ ಅಂದು ಹನ್ನೊಂದರಿಂದ ಐದರವರೆಗೆ ತಂಪುಮನೆಗೆ ಕರೆಂಟು. ನಲವತ್ತನಾಲ್ಕಾದರೆ ಇಲ್ಲ. ತಂಪುಮನೆ ಎಂದರೆ ಮೊದಲಿನ ಕಲ್ಯಾಣ ಮಂಟಪ. ಮದುವೆಗಳೆಲ್ಲ ಮಳೆಗಾಲಕ್ಕೆ ಹೋದ ಮೇಲೆ ಅದರ ಕಿಟಕಿಗಳಿಗೆ ಗೋಡೆ ಕಟ್ಟಿ, ಆನೆಯಷ್ಟು ದೊಡ್ಡ ಯಂತ್ರ ಕೂರಿಸಿ, ನಾನೂರು ಜನ ಸಾಲಾಗಿ ಮಲಗುವಂತೆ ಮಾಡಿದ್ದರು. ಕರೆಂಟಿಲ್ಲದ ದಿನ ಅದರೊಳಗೆ ಹಂಚಿಲ್ಲದೆ ರೊಟ್ಟಿ ಬೇಯಿಸಬಹುದಿತ್ತು. ಎಲ್ಲರಿಗೂ ಸಾಕಾಗದ ಕರೆಂಟನ್ನು ಊರೂರಿಗೆ ಹಂಚಲು ಸರಕಾರ ಕಂಡುಕೊಂಡ ದಾರಿ ಇದು. ನಲವತ್ತೈದೇ ಏಕೆಂದರೆ, ರಾಜಧಾನಿಯಲ್ಲಿ ಒಂದು ಮಳೆಯ ಸಂಜೆ ಕೂತ ಸಮಿತಿಯಲ್ಲಿ ಕೆಲವರು ನಲವತ್ತೆಂದರು, ಕೆಲವರು ಐವತ್ತೆಂದರು. ಬರೀ ಬಿಸಿಲಲ್ಲ, ಗಾಳಿಯ ತೇವವನ್ನೂ ನೋಡಬೇಕೆಂದು ಒಬ್ಬ ವೈದ್ಯರು ಅಡ್ಡಬಾಯಿ ಹಾಕಿದರಂತೆ. ಎರಡೆರಡು ಅಂಕಿ ಕೊಟ್ಟರೆ ಜನಕ್ಕೆ ಗೊಂದಲವಾದೀತೆಂದು ಅದನ್ನು ಕೈಬಿಟ್ಟರು.

ಮಹಾನಂದಾಳಿಗೆ ಈ ಅಂಕಿ ಬರೀ ನೌಕರಿಯಲ್ಲ. ಅವಳ ಗಂಡ ಅಂಬಾರಾಯ ನೆಲಕ್ಕೆ ಹಾಸುವ ಫರಸಿಕಲ್ಲಿಗೆ ಪಾಲಿಶ್ ಹಿಡಿಯುವ ಮಷಿನ್ ನಡೆಸುತ್ತಿದ್ದವನು. ಹೋದ ವರ್ಷದ ಮೇ ತಿಂಗಳಲ್ಲಿ ಮಷಿನ್ ಮುಂದೆಯೇ ಕುಸಿದು, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಎದ್ದು ಬಂದಿದ್ದ. ಬರುವಾಗ ಬೆವರನ್ನು ಅಲ್ಲೇ ಬಿಟ್ಟು ಬಂದಿದ್ದ. ಡಾಕ್ಟರು ಅವಳನ್ನು ಬಾಗಿಲ ಹೊರಗೆ ಕರೆದು ಹೇಳಿದ್ದರು: ಇವರಿಗೆ ಇನ್ನು ಬೆವರು ಬರುವುದಿಲ್ಲ, ಬೆವರದ ಮೈಯೆಂದರೆ ಸೀಟಿ ಇಲ್ಲದ ಕುಕ್ಕರು, ಮತ್ತೊಮ್ಮೆ ಬಿದ್ದರೆ ಏಳಿಸುವುದು ನನ್ನಿಂದಾಗದು.

ಇದನ್ನು ಕೇಳಿ ಅಂಬಾರಾಯ, "ಛಲೋ ಆಯ್ತು ಬಿಡು. ಬನಿಯನ್ ಒಗಿಯೂದು ಉಳೀತು ನಿನಗ" ಎಂದಿದ್ದ.

ಹೋದ ಬೇಸಿಗೆಯ ಉಳಿದ ದಿನಗಳನ್ನು ಅವನು ತಂಪುಮನೆಯಲ್ಲಿ ಮಲಗಿ ದಾಟಿಸಿದ್ದ. ಈ ಬೇಸಿಗೆಯಲ್ಲಿ ಅದರ ಬಾಗಿಲು ಎರಡೇ ಸಲ ತೆರೆದಿತ್ತು. ಹಲಗೆಯ ಮೇಲೆ ನಲವತ್ತಮೂರು, ನಲವತ್ತೆರಡು, ಮೇ ಹುಟ್ಟಿದ ಮೇಲೆ ನಲವತ್ತು. ಹಲಗೆಯ ಕೆಳಗೆ ನಿಂತವರ ಚಪ್ಪಲಿ ಡಾಂಬರಿಗೆ ಅಂಟುತ್ತಿತ್ತು.

"ಏನ್ ಮಹಾನಂದಾ, ಇವತ್ತ ಎಷ್ಟ ಬರದಿ?" ಎಂದು ಎದುರಿನ ಸೋಡಾ ಅಂಗಡಿಯ ಖತೀಜಾ ಚಾಚಿ ದಿನವೂ ಕೇಳುವವಳು.

"ನಲವತ್ತ, ಚಾಚಿ."

"ನಲವತ್ತ. ಇಲ್ಲಿ ನನ್ನ ಬಾಟ್ಲಿ ತಾವೇ ಒಡಿಲತ್ತಾವ. ಆ ಕೆಂಪು ಖಡು ತಗಿ ಮಾರಾಯ್ತಿ. ನೀಲಿಗಿ ಏರೋ ತಾಕತ್ತಿಲ್ಲ."

ಅಂಬಾರಾಯನನ್ನು ಮನೆಯ ಒಳಕೋಣೆಯಲ್ಲಿ, ಫರಸಿ ನೆಲದ ಮೇಲೆ, ಒದ್ದೆ ಪಂಜೆ ಹೊದಿಸಿ ಮಲಗಿಸುತ್ತಿದ್ದಳು. ನಳದಲ್ಲಿ ಎರಡು ದಿನಕ್ಕೊಮ್ಮೆ ಎಂಟು ಕೊಡ ನೀರು. ಅದರಲ್ಲೂ ಅತ್ತೆ ಗುರಬಾಯಿ ದಿನಕ್ಕೆ ಎರಡು ಕೊಡ ಹೊತ್ತುಕೊಂಡು ಹತ್ತು ಗಂಟೆಗೆ "ಗುಡಿಗಿ" ಎಂದು ಹೊರಟುಬಿಡುತ್ತಿದ್ದಳು. ಬೇಸಿಗೆಯಲ್ಲಿ ಲಿಂಗದ ಮೇಲೆ ತೂತಿನ ಗಡಿಗೆ ತೂಗಿಸಿ, ನೂಲಿನ ಎಳೆಯ ಗುಂಟ ಹನಿಹನಿಯಾಗಿ ನೀರು ಬೀಳಿಸುವ ಜಲಧಾರೆ ಆ ಸೀಮೆಯ ಹಳೆಯ ಪದ್ಧತಿ. ಎಪ್ಪತ್ತರ ಮುದುಕಿಯ ಹರಕೆಗೆ ಅಡ್ಡ ಬಂದ ಸೊಸೆ ಎನಿಸಿಕೊಳ್ಳಲು ಮಹಾನಂದಾ ಸಿದ್ಧಳಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಗಂಡನ ಮಾತು ತೊದಲಿತು. ಮಧ್ಯಾಹ್ನವಲ್ಲ, ಏಳು ಗಂಟೆಗೆ. ಅವಳು ಹಲಗೆಯ ಮೇಲೆ ನಲವತ್ತು ಬರೆದು, ಸೀಮೆಸುಣ್ಣದ ಖಡುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಜಿಲ್ಲೆಯ ಬಸ್ಸು ಹತ್ತಿದಳು.

ಹವಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಹದಿನೆಂಟು ಡಿಗ್ರಿ. ಯಂತ್ರಗಳಿಗೆ ಅಷ್ಟು ಬೇಕಂತೆ. ಅವುಗಳ ತಂಪುಮನೆಗೆ ಮುನ್ಸೂಚನೆಯ ಹಂಗಿರಲಿಲ್ಲ. ಇಂಜಿನಿಯರ್ ಅಶ್ಫಾಖ್ ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿ ಕೂತಿದ್ದ. ಬಂದವಳ ಹಲ್ಲು ಕಟಕಟ ಎನ್ನುವುದನ್ನು ಕಂಡು, ಕುರ್ಚಿಯ ಮೇಲಿನ ಶಾಲು ಎತ್ತಿ ಕೊಟ್ಟ.

"ನಮ್ಮ ಪೆಟ್ಟಿಗಿ ಕೆಟ್ಟದ್ರಿ ಸಾಹೇಬ್ರ."

"ಕೆಟ್ಟಿಲ್ರಿ ಅಕ್ಕೋರ. ದಿನಾ ಬೆಳಿಗ್ಗಿ ನಾಕಕ್ಕ ತನ್ನ ತಾನೇ ತಪಾಸ ಮಾಡ್ಕೋತದ. ಈ ವಿಭಾಗದಾಗ ನಿಮ್ಮದೇ ಭಾಳ ಶಾಣ್ಯಾ ಪೆಟ್ಟಿಗಿ."

ಪೆಟ್ಟಿಗೆ ಎಂದರೆ ಊರೂರಿಗೆ ಒಂದರಂತೆ ನಿಲ್ಲಿಸಿದ, ಜಾಲಂದ್ರದ ಗೋಡೆಯ ಬಿಳಿ ಹವಾ ಪೆಟ್ಟಿಗೆ. ಒಳಗಿನ ಮಾಪಕಗಳು ತಾಸಿಗೊಮ್ಮೆ ಅಂಕಿ ಕಳಿಸುತ್ತಿದ್ದವು. ಸುತ್ತಲಿನ ಸೀಮೆಗಿಂತ ಈ ಊರು ಎಷ್ಟು ಬಿಸಿ, ಎಷ್ಟು ತಂಪು ಎಂಬುದನ್ನು ಕೇಂದ್ರದ ಯಂತ್ರ ಕಲಿತುಕೊಂಡು, ನಾಳೆಯ ಮುನ್ಸೂಚನೆಯಲ್ಲಿ ಅಷ್ಟನ್ನು ಕೂಡಿಸಿಯೋ ಕಳೆದೋ ಹೇಳುತ್ತಿತ್ತು.

"ಮತ್ತ ಹತ್ತು ಕಿಲೋಮೀಟರ್ ಆಚಿ ಊರಿಗಿ ನಲವತ್ತೇಳು, ನಮಗ ನಲವತ್ತು. ಹ್ಯಾಂಗ್ರಿ?"

"ಅದೇ ನನಗೂ ತಿಳಿವಲ್ದು. ಖರೇ ಹೇಳ್ರಿ, ಹೊಸಾ ಕೆರಿ ಗಿರಿ ಏನರ ತುಂಬಿಸೀರೇನು? ಸುತ್ತ ಎಲ್ಲಾ ಊರಾಗ ಗಾಳಿಗಿ ತೇವ ಹತ್ತು ಪರ್ಸೆಂಟ್. ನಿಮ್ಮಲ್ಲಿ ಐವತ್ತೈದು."

"ಕುಡಿಲಾಕ ನೀರಿಲ್ಲ, ಕೆರಿ ಎಲ್ಲಿಂದ ತರೂನ್ರಿ?"

"ಅದೂ ದಿನಾ ಹತ್ತೂವರಿಗಿ ಶುರು ಆಗ್ತದ, ಸಂಜಿ ಐದಕ್ಕ ಬಂದ್. ಸರಕಾರಿ ಆಫೀಸ್ ಇದ್ದಂಗ. ಸೂಟಿ ಅಷ್ಟೇ ಇಲ್ಲ."

ಮಹಾನಂದಾ ಶಾಲು ಬಿಚ್ಚಿ ಕೊಟ್ಟು ಎದ್ದಳು. ಹತ್ತೂವರೆಗೆ ಹೋಗಿ ಐದಕ್ಕೆ ಬರುವವರು ಅವಳ ಮನೆಯಲ್ಲೇ ಒಬ್ಬರಿದ್ದರು.

ಮುತ್ತಗಂಚಿಗೆ ಮರಳಿದಾಗ ಒಂದು ಗಂಟೆ. ಮನೆಯ ಗೂಟಕ್ಕೆ ಪೆಟ್ಟಿಗೆಯ ಬೇಲಿಯ ಕೀಲಿ ಇರಲಿಲ್ಲ. ತಿಂಗಳ ಮೊದಲ ತಾರೀಖು ನಸುಕಿನಲ್ಲಿ ಧೂಳು ಒರೆಸಲು ಹೋಗುವಾಗ ಬಿಟ್ಟರೆ ಅವಳು ಆ ಕೀಲಿಯನ್ನು ಮುಟ್ಟುತ್ತಿರಲಿಲ್ಲ. ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಹಳೆಯ ದನದ ದವಾಖಾನೆಯ ಹಿಂದಿನ ಬಯಲಿಗೆ ನಡೆದಳು. ಟವೆಲ್ ದಾರಿಯಲ್ಲೇ ಒಣಗಿತು.

ಬೇಲಿಯೊಳಗೆ ಮೂರು ಬಿದಿರು ಗಳಗಳನ್ನು ತುದಿಗೆ ಕಟ್ಟಿ ನಿಲ್ಲಿಸಲಾಗಿತ್ತು. ಗಳದಿಂದ ಮಣ್ಣಿನ ಗಡಿಗೆ ತೂಗುತ್ತಿತ್ತು. ಗಡಿಗೆಯ ತೂತಿನಿಂದ ಇಳಿಬಿದ್ದ ಏಳು ನೂಲೆಳೆಗಳ ಗುಂಟ ನೀರು ಇಳಿದು, ಬಿಳಿ ಪೆಟ್ಟಿಗೆಯ ಮಾಡಿನ ಮೇಲೆ ಬಿದ್ದು, ಜಾಲಂದ್ರದ ಪಟ್ಟಿಪಟ್ಟಿಗೂ ಸೋರಿ ಒಳಗಿಳಿಯುತ್ತಿತ್ತು. ಪೆಟ್ಟಿಗೆಯ ಮುಂಭಾಗಕ್ಕೆ ಮೂರು ಬೆರಳಿನ ವಿಭೂತಿ, ಮೇಲೊಂದು ಬಿಲ್ವಪತ್ರೆ. ಅದರ ಮೊಳದುದ್ದದ ನೆರಳಿನಲ್ಲಿ ಗುರಬಾಯಿ ಸೆರಗು ಹೊದ್ದು ಮುದುಡಿ ಕೂತಿದ್ದಳು.

"ಅತ್ತೀ, ಇದೇನ್ರಿ?"

"ಯಾಕ ಬಂದಿ? ಮಂದಿ ಕಣ್ಣ ಬಿದ್ರ ಹರಕಿ ಫಲ ಕೊಡಲ್ಲ. ಅದಕ್ಕೇ ದಿನಾ ಸಂಜಿಗಿ ಎಲ್ಲಾ ಬಿಚ್ಚಿ ಒರಸಿ, ದವಾಖಾನಿ ಹಿಂದ ಮುಚ್ಚಿಟ್ಟು ಬರ್ತೀನಿ."

"ಗುಡಿಗಿ ಅಂತ ಹೇಳಿ ಬರ್ತಿದ್ರಲ್ಲ?"

"ಗುಡ್ಯಾಗ ಪಾಳಿ ಎಲ್ಲದವಾ. ಈ ವರ್ಷದ ಧಾರಿ ಎಲ್ಲಾ ಹಿಡದು ಬಿಟ್ಟಾರ, ಬರೋ ವರ್ಷ ಬಾ ಅಂದ್ರು ಸ್ವಾಮಿಗೋಳು. ಅಲ್ಲಿತನಕ ನನ್ನ ಮಗನಿಗಿ ಯಾರ್ ಕಾಯಬೇಕು? ಕುಂತು ಇಚಾರ ಮಾಡ್ದೆ. ತಂಪುಮನಿ ಬಾಗ್ಲಾ ತೆರಸೋದು ಯಾರು? ಇದೇ ಅಲ್ಲ? ಪಾಪ, ಊರ ಬಿಸಲೆಲ್ಲಾ ಒಂದೇ ನಿಂತು ಉಣ್ತದ. ಇಷ್ಟು ವರ್ಷ ಆಯ್ತು, ಇದರ ನೆತ್ತಿಗಿ ಒಂದು ಹನಿ ನೀರು ಹಾಕಿದವರಿಲ್ಲ. ಯುಗಾದಿಗಿ ಹಿಡದೆ. ಸೋಮವಾರಕ್ಕೊಂದ ಎಳಿ ಏರಸ್ಕೋತ ಬಂದೀನಿ. ಇವತ್ತಿಗಿ ಏಳು."

ಮಹಾನಂದಾ ಎಳೆಗಳನ್ನು ನೋಡಿದಳು. ಏಳು ವಾರ, ಏಳು ಎಳೆ, ಏಳು ಡಿಗ್ರಿ. ಸೀಮೆಸುಣ್ಣದ ನಿರ್ಣಯದ ಕೀರ್ತಿ ಪುರಸಭೆಗೆ ಸಲ್ಲತಕ್ಕದ್ದಲ್ಲ ಎಂಬುದು ಅವಳಿಗೆ ಆ ಕ್ಷಣದಲ್ಲಿ, ಯಾವ ಸಂತೋಷವನ್ನೂ ಕೊಡದೆ, ತಿಳಿಯಿತು. ಬಯ್ಯಲು ಬಾಯಿ ತೆರೆದಳು. ಬಿಸಿಲಿಗೆ ಕೆಂಡವಾದ ಕೊಡ ಹೊತ್ತು ಹೊತ್ತು ಅತ್ತೆಯ ಅಂಗೈಯಲ್ಲಿ ಎದ್ದ ಬೊಬ್ಬೆ ಕಂಡು ಬಾಯಿ ಮುಚ್ಚಿದಳು. ಬೇಲಿಯಾಚೆ ಬಂದು ಅಶ್ಫಾಖ್‌ಗೆ ಫೋನ್ ಮಾಡಿ, ಇದ್ದದ್ದು ಇದ್ದಂಗೆ ಹೇಳಿದಳು.

ಅತ್ತ ಅವನು ಎದ್ದು ಕೊಠಡಿಯ ಬಾಗಿಲು ಹಾಕಿದ ಸದ್ದು ಕೇಳಿತು.

"ಅಕ್ಕೋರ, ನೀವು ಈಗ ಅಂದಿದ್ದು ನನಗ ಕೇಳಸಿಲ್ಲ. ಲೈನ್ ಸರಿ ಇಲ್ಲ. ಕೇಳಸಿದ್ರ ನಾ ಬರೀಬೇಕಾಗ್ತದ. ಬರದ್ರ ಪೆಟ್ಟಿಗಿಗಿ ಸೀಲ್ ಹಾಕ್ತಾರ. ವಿಚಾರಣಿ ಮುಗಿಯೋತನಕ ನಿಮ್ಮೂರಿಗಿ ಅದೇ ನಲವತ್ತು. ವಿಚಾರಣಿ ಸಾಹೇಬ್ರು ಜೂನ್‌ದಾಗ ಬರ್ತಾರ."

"ಹಂಗಾದ್ರ ಈಗೇ ಗಡಗಿ ಕಿತ್ತು ಒಗಿತೀನ್ರಿ."

"ಕೀಳಬ್ಯಾಡ್ರಿ. ಒಂದೇ ದಿನದಾಗ ಏಳು ಡಿಗ್ರಿ ಜಿಗಿದ್ರ, ಪಕ್ಕದ ಊರಿನ ಪೆಟ್ಟಿಗಿ ಜಿಗಿಲಿಲ್ಲ ಅಂದ್ರ, ಯಂತ್ರ ಇದು ಕೆಟ್ಟದ ಅಂತ ತಿಳೀತದ. ಮತ್ತ ಅದೇ ಸೀಲು. ದಿನಕ್ಕ ಒಂದು ಡಿಗ್ರಿ ಆದ್ರ ನಂಬ್ತದ. ಏರಿಸಿದಂಗೇ ಇಳಿಸ್ರಿ. ದಿನಕ್ಕೊಂದ ಎಳಿ."

ಅವಳು ಬೆರಳು ಮಡಿಚಿದಳು. ನಾಳೆ ಮಂಗಳವಾರ ಒಂದು ತೆಗೆದರೆ ಬುಧವಾರದ ಮುನ್ಸೂಚನೆ ನಲವತ್ತೊಂದು. ಹೀಗೆ ಇಳಿಸುತ್ತ ಹೋದರೆ ನಲವತ್ತೈದು ಆಗುವುದು ರವಿವಾರ.

"ಅವ ಅಲ್ಲಿತನಕ ತಡಿಬೇಕಲ್ರಿ ಸಾಹೇಬ್ರ. ದೊಡ್ಡ ದವಾಖಾನಿಯವರು ಬಿದ್ದವರಿಗಿ ಅಷ್ಟೇ ಜಾಗಾ ಅಂತಾರ. ಬಾಜೂ ಊರಿನ ತಂಪುಮನ್ಯಾಗ ನಮ್ಮ ಕಾರ್ಡ್ ನಡ್ಯಲ್ಲ."

ಅಶ್ಫಾಖ್ ಯೋಚಿಸಿ, ನಾಚಿಕೊಂಡವನಂತೆ ಹೇಳಿದ. "ಪೆಟ್ಟಿಗಿಗಿ ಏಳು ಡಿಗ್ರಿ ಇಳಸಿದ ಗಡಗಿ ಮನಷ್ಯಾಗ ಇಳಸಲ್ಲೇನ್ರಿ? ಆದ್ರ ನೆನಪಿಡ್ರಿ, ನೀರು ತಂಪು ಮಾಡಲ್ಲ. ನೀರು ಆರಿ ಹೋಗ್ತದಲ್ಲ, ಅದು ಮಾಡ್ತದ. ಬೆವರೂ ಹಂಗೇ. ಗಾಳಿ ಒಣಾ ಇದ್ದಷ್ಟ ದಿನ ನಿಮ್ಮ ಯಜಮಾನ್ರಿಗಿ ಗಡಗಿನೇ ಬೆವರು."

ಅತ್ತೆಯನ್ನು ಒಪ್ಪಿಸುವುದು ಕೇಂದ್ರದ ಯಂತ್ರವನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ನಿಜ ಹೇಳಿದರೆ ಮುದುಕಿ ಅಲ್ಲೇ ಎದೆ ಒಡೆದುಕೊಳ್ಳುತ್ತಾಳೆ.

"ಪೆಟ್ಟಿಗಿಗಿ ಥಂಡಿ ಹತ್ಯದಂತ ಅತ್ತಿ. ಸಾಹೇಬ್ರು ಅಂದ್ರು. ದಿನಕ್ಕೊಂದ ಎಳಿ ಇಳಸಬೇಕಂತ."

"ಏರಿಸಿದ ಧಾರಿ ಇಳಸೋ ಪದ್ಧತಿ ಇಲ್ಲವಾ."

"ಇಳಸಿದ್ದು ಬಿಸಾಕೂದಿಲ್ಲ. ನಿಮ್ಮ ಮಗನ ಮ್ಯಾಲ ಕಟ್ಟೂನು."

ಗುರಬಾಯಿ ಒಂದಿಷ್ಟು ಹೊತ್ತು ಶಾಸ್ತ್ರ ತೂಗಿ ನೋಡಿದಳು. "ಹಂಗಾದ್ರ ಮುರದಂಗ ಅಲ್ಲ. ಪಾಳಿ ಬದಲಿ ಮಾಡಿದಂಗ."

ಮರುದಿನ ಒಳಕೋಣೆಯ ತೊಲೆಗೆ ಇನ್ನೊಂದು ಗಡಿಗೆ ತೂಗಿತು. ಅಂಬಾರಾಯ ಬರಿಮೈಯಲ್ಲಿ ಅದರ ಕೆಳಗೆ ಮಲಗಿದ. ಮೊದಲ ಎಳೆಯ ಹನಿ ಎದೆಯ ಮೇಲೆ ಬಿದ್ದಾಗ ಕಣ್ಣು ತೆರೆದು, "ಅವ್ವಾ, ಕಾಯಿ ಒಡಿಲಿಲ್ಲೇನು?" ಎಂದ. ಆ ಕೋಣೆಯಲ್ಲಿ ಮೂರು ವಾರದಿಂದ ಯಾರೂ ನಕ್ಕಿರಲಿಲ್ಲ. ಮಹಾನಂದಾ ರಟ್ಟಿನಿಂದ ಗಾಳಿ ಹಾಕಿದಳು. ಹನಿ ಬಿದ್ದಲ್ಲಿ ಆರುತ್ತಿತ್ತು, ಆರಿದಲ್ಲಿ ಮತ್ತೆ ಬೀಳುತ್ತಿತ್ತು. ಸಂಜೆಗೆ ಅವನ ಮಾತಿನ ತೊದಲು ಹೋಯಿತು.

ಉಳಿದ ಆರು ಎಳೆಗೆ ನೀರು ಎರೆಯುವ ಕೆಲಸ ಅವಳ ಪಾಲಿಗೆ ಬಂತು. ಅತ್ತೆಯನ್ನು ಮನೆಯಲ್ಲಿ ಕೂರಿಸಿ, ತಾನೇ ಕೊಡ ಹೊತ್ತು ಬಯಲಿಗೆ ಹೋಗುತ್ತಿದ್ದಳು. ಊರನ್ನು ಬೇಯಿಸುತ್ತಿರುವ ಸುಳ್ಳಿನ ಬೇರಿಗೆ ಊರಿನ ಕುಡಿಯುವ ನೀರನ್ನೇ ಎರೆಯುವುದು. ದಿನಕ್ಕೊಂದು ಎಳೆ ಕಡಿಮೆ, ಅಷ್ಟೇ. ಗುರಬಾಯಿ ಅರಿಯದೆ ಮಾಡಿದ್ದನ್ನು ಅವಳು ಅರಿತು ಮಾಡುತ್ತಿದ್ದಳು. ಬುಧವಾರ ನಲವತ್ತೊಂದು ಬರೆದಳು. ಅಂದು ಕಲ್ಲು ಒಡೆಯುವ ಓಣಿಯಲ್ಲಿ ಇಬ್ಬರು ಸತ್ತರು. ಗುರುವಾರ ನಲವತ್ತೆರಡು. ಸೋಡಾ ಅಂಗಡಿಯ ಬಾಗಿಲು ಮುಚ್ಚಿತ್ತು.

"ಚಾಚಿ ಎಲ್ರಿ?" ಎಂದು ಪಕ್ಕದವರನ್ನು ಕೇಳಿದಳು.

"ನಿನ್ನೆ ಬಿದ್ದಾಳ. ದವಾಖಾನಿಗಿ ಒಯ್ದಾರ. ಹೋಗಬೇಕಾದ್ರ ನಿನಗೊಂದು ಮಾತು ಹೇಳ್ಯಾಳ. ನೀಲಿ ಬಣ್ಣ ಛಂದ ಅದ ಅಂತ."

ಶುಕ್ರವಾರ ನಲವತ್ತಮೂರು. ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಸಿಟ್ಟಾದ ಜನ ಗಡಿಗೆ ಒಡೆಯುತ್ತಾರೆ, ಅಂಕಿ ಜಿಗಿಯುತ್ತದೆ, ಸೀಲು ಬೀಳುತ್ತದೆ. ಈ ಲೆಕ್ಕ ಸರಿಯಿದೆ ಎಂದು ದಿನಕ್ಕೆ ನೂರು ಸಲ ತನಗೆ ತಾನೇ ಹೇಳಿಕೊಂಡಳು. ನೂರಾ ಒಂದನೆಯ ಸಲ ಖತೀಜಾ ಚಾಚಿಯ ಬಾಗಿಲು ನೆನಪಾಗುತ್ತಿತ್ತು. ಮನೆಯಲ್ಲಿ ಗಂಡನ ಮೇಲಿನ ಎಳೆ ನಾಲ್ಕಕ್ಕೇರಿತು. ಅವನು ಗಂಜಿ ಕುಡಿದ. ತಂಪುಮನೆಗೆ ಹೋಗುವಾಗ ಇಸ್ಪೀಟ್ ಎಲೆ ಒಯ್ಯಬೇಕೆಂದು ಹುಡುಕಿಸಿದ.

ಶನಿವಾರದ ಅಂಕಿ ನಲವತ್ತನಾಲ್ಕು. ಒಂದೇ ಒಂದು ಡಿಗ್ರಿ. ಅಂದು ಬೆಳಿಗ್ಗೆ ಐದನೆಯ ಎಳೆ ಬಿಚ್ಚಿ ತಂದು ಗಂಡನ ಗಡಿಗೆಗೆ ಕಟ್ಟಿದಳು. ಸಂಜೆ ಐದಕ್ಕೆ ಬಯಲಿನಿಂದ ಮರಳುವಾಗ ಪಡುವಣದಲ್ಲಿ ಮೋಡದ ಬೂದಿ ಬಣ್ಣದ ಗೆರೆ ಕಂಡಿತು. ಜನ ಮಾಳಿಗೆ ಹತ್ತಿ ನೋಡುತ್ತಿದ್ದರು. ಗುರಬಾಯಿ ಅಂಗಳದಲ್ಲಿ ನಿಂತು ಸೆರಗು ಒಡ್ಡಿದಳು.

"ಮಾಡ ಬಂತು ನೋಡವಾ. ನನ್ನ ಹರಕಿ ಮುಟ್ಟಿತು."

ಗಾಳಿ ನಿಂತುಹೋಗಿತ್ತು. ಮಹಾನಂದಾ ದಾರಿಯಲ್ಲಿ ತಲೆಗೆ ಸುತ್ತಿಕೊಂಡಿದ್ದ ಟವೆಲ್ ಇನ್ನೂ ಒದ್ದೆಯಾಗಿಯೇ ಇತ್ತು.

ರವಿವಾರ ಆರಕ್ಕೆ ಬಂದ ಅಂಕಿ ನಲವತ್ತೊಂದು.

ಅವಳು ಅದನ್ನು ಮೂರು ಸಲ ಓದಿ, ಅಶ್ಫಾಖ್‌ಗೆ ಫೋನ್ ಮಾಡಿದಳು.

"ಮಾಡ ಬಂದದ್ರಿ ಅಕ್ಕೋರ. ಯಾವ ಊರಿಗೂ ಇವತ್ತ ನಲವತ್ತೆರಡರ ಮ್ಯಾಲ ಇಲ್ಲ. ಯಾವ ತಂಪುಮನೀನೂ ತೆರಿಯಲ್ಲ."

"ತೇವ ಎಷ್ಟದ?"

"ಐವತ್ತೈದು. ಈ ಸಲ ಗಡಗಿದಲ್ಲ. ಖರೇದು."

"ಹಂಗಾದ್ರ ಅವನಿಗಿ ನಲವತ್ತೇಳಕ್ಕಿಂತ ಇದು ಕೆಟ್ಟಲ್ರಿ. ನೀರು ಆರೂದಿಲ್ಲ."

"ಗೊತ್ತದ್ರಿ."

"ನೀವು ಒಂದು ಗುಂಡಿ ಒತ್ತಿದ್ರ ಕರೆಂಟ್ ಬರ್ತದಲ್ರಿ ಸಾಹೇಬ್ರ. ಒಂದೇ ದಿನ."

"ಗುಂಡಿ ನನ್ನ ಹಂತ್ಯಾಕ ಇಲ್ರಿ. ಅಂಕಿ ಅಷ್ಟೇ ಅದನ್ನ ಒತ್ತೂದು. ಕಾರ್ಯದರ್ಶಿ ಸಾಹೇಬ್ರಿಗಿ ಫೋನ್ ಹಚ್ಚಲತ್ತೀನಿ, ರವಿವಾರ ಅದ, ಯಾರೂ ಎತ್ತವಲ್ರು. ಹಚ್ಚಕೋತೇ ಇರ್ತೀನಿ."

ಅವನು ಹಚ್ಚುತ್ತಲೇ ಇದ್ದ. ಸಂಜೆವರೆಗೆ ನಲವತ್ತೆಂಟು ಸಲ ಹಚ್ಚಿದ.

ಹತ್ತು ಗಂಟೆಗೆ ಐದು ಎಳೆಯೂ ಸುರಿಯುತ್ತಿದ್ದವು. ನೀರು ಅಂಬಾರಾಯನ ಮೈಮೇಲೆ ಬಿದ್ದಲ್ಲೇ ನಿಂತು, ಹರಿದು, ಫರಸಿಯ ಮೇಲೆ ಮಡುಗಟ್ಟಿತು. ಆರಲಿಲ್ಲ. ಅವಳು ರಟ್ಟಿನಿಂದ ಬೀಸಿದಳು. ಬಿಸಿ ಹಬೆಯನ್ನು ಅತ್ತಿಂದಿತ್ತ ಸರಿಸಿದಂತಾಯಿತು. ಆಂಬುಲೆನ್ಸಿಗೆ ಕರೆ ಮಾಡಿದರೆ ಮೂರು ಊರು ಆಚೆ ಇದೆ, ಪಾಳಿಯ ಪ್ರಕಾರ ಬರುತ್ತದೆ ಎಂದರು. ರವಿವಾರ ಬಸ್ಸು ಸಂಜೆಗೇ. ಓಣಿಯ ಜನ ಮೋಡದ ಖುಷಿಯಲ್ಲಿ ಕಟ್ಟೆಯ ಮೇಲೆ ಕೂತು, ಇವತ್ತು ಬಿಸಿಲಿಲ್ಲ ಎಂದು ಮಾತಾಡುತ್ತ ಒಬ್ಬೊಬ್ಬರಾಗಿ ಒಳಗೆ ಹೋಗಿ ಮಲಗಿದರು.

"ಮಾಡ ಆಗ್ಯದಲ್ಲ," ಎಂದ ಅಂಬಾರಾಯ. "ಇನ್ ಚಿಂತಿ ಬಿಡು ಮಹಾನಂದಾ."

ಹನ್ನೆರಡರ ಹೊತ್ತಿಗೆ ಮಷಿನ್ ಬಂದ್ ಮಾಡು, ಕಲ್ಲು ಕಾದದ ಎಂದ. ಒಂದಕ್ಕೆ ಅವಳನ್ನು ಯಾರೆಂದು ಕೇಳಿದ. ಗುರಬಾಯಿ ಮನೆಯಲ್ಲಿದ್ದ ನೀರನ್ನೆಲ್ಲ ಅವನ ಮೇಲೆ ಕೊಡಕೊಡವೇ ಸುರಿದಳು. ನೀರೂ ಬಿಸಿಯಿತ್ತು. "ಏಳೂ ಎಳಿ ಇದ್ದಿದ್ರ ಉಳೀತಿದ್ದ. ನೀ ಇಳಸಿದಿ" ಎಂದಳು. ಸೊಸೆ ಹೌದು ಅತ್ತಿ ಎಂದಳು. ಆ ಮುದುಕಿಗೆ ಕೊಡಲು ಅವಳ ಹತ್ತಿರ ಉಳಿದದ್ದು ಆ ಒಂದು ಮಾತು.

ಮೂರೂ ನಲವತ್ತಕ್ಕೆ ಅಂಬಾರಾಯ ತೀರಿಕೊಂಡ. ಆಂಬುಲೆನ್ಸ್ ನಾಲ್ಕೂವರೆಗೆ ಬಂತು.

ಐದಕ್ಕೆ ಮಹಾನಂದಾ ಬಯಲಿಗೆ ಹೋಗಿ ಪೆಟ್ಟಿಗೆಯ ಬಾಗಿಲು ತೆರೆದು ನೋಡಿದಳು. ಮೇಲೆ ಉಳಿದಿದ್ದ ಎರಡು ಎಳೆಗಳ ಗಡಿಗೆಗೆ ಅಂದು ಯಾರೂ ನೀರು ಹಾಕಿರಲಿಲ್ಲ. ಪೆಟ್ಟಿಗೆ ದಿನದ ಗರಿಷ್ಠ ನಲವತ್ತೊಂದು ತೋರಿಸುತ್ತಿತ್ತು. ಹಲಗೆಯ ಮೇಲೂ ನೀಲಿಯಲ್ಲಿ ನಲವತ್ತೊಂದೇ ಇತ್ತು. ಆ ಬೇಸಿಗೆಯಲ್ಲಿ ಮುತ್ತಗಂಚಿಯ ಮುನ್ಸೂಚನೆ ಸರಿಹೋದ ಮೊದಲ ದಿನ ಅದು.